ಋತುಪಾನಗಳ ರುಚಿ: ಅಂಬಲಿ, ಕ್ರಿಸ್ಮಸ್ ಏಲ್ ಮತ್ತು ನಮ್ಮ ನಾಲಗೆ

ಕಾಲಕ್ಕೆ ತಕ್ಕ ಆಹಾರವನ್ನೂ ಪಾನೀಯವನ್ನೂ ಕಂಡುಕೊಳ್ಳದ ಜನಾಂಗವಿಲ್ಲ. ಚೈತ್ರ ವೈಶಾಖಗಳಲ್ಲಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಕಡೆ ಸಂಚರಿಸಿದವರಿಗೆ ಅಲ್ಲಿಯ ಬಿಸಿಲಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ೨೦೨೧ರಲ್ಲಿ ರಚಿತವಾದ ವಿಜಯನಗರ ಜಿಲ್ಲೆಗೆ ಸೇರಿದ ಈ ಐದು ತಾಲ್ಲೂಕುಗಳು ಮಳೆ ಕಡಮೆಯಾದ ಬಯಲುಸೀಮೆ. ಬೇಸಗೆಯಲ್ಲಿ ಇಲ್ಲಿ ಗಾಳಿಯ ಉಷ್ಣತೆ ೪೦ ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ಅಪರೂಪವಲ್ಲ. ಅಂಥ ಹೊತ್ತಿನಲ್ಲಿ ಹೊಲದಿಂದ ಬಂದವರ ಕೈಗೆ ಮನೆಯವರು ಕೊಡುವುದು ಒಂದು ಚೆಂಬು ಹುಳಿ ಅಂಬಲಿ. ಜೋಳದ ಅಥವಾ ರಾಗಿಯ ಹಿಟ್ಟು, ನೀರು, ಮಜ್ಜಿಗೆ, ಉಪ್ಪು, ಜೊತೆಗೆ ಕಡಿಯಲು ಒಂದು ಈರುಳ್ಳಿ. ಇಷ್ಟೇ ಅದರ ಸಾಮಗ್ರಿ.

ಭೂಗೋಳದ ಇನ್ನೊಂದು ಭಾಗದಲ್ಲಿ, ಹಗಲು ಚಿಕ್ಕದಾಗಿ ನೀರು ಹೆಪ್ಪುಗಟ್ಟುವ ಡಿಸೆಂಬರ್ ತಿಂಗಳಿನಲ್ಲಿ, ಇನ್ನೊಂದು ಋತುಪಾನವುಂಟು. ಅದೇ ಕ್ರಿಸ್ಮಸ್ ಏಲ್. ಬಾರ್ಲಿ ಧಾನ್ಯದ ಮೊಳಕೆಯಿಂದ ತಯಾರಾಗುವ ಬಿಯರಿನ ಒಂದು ಬಗೆಗೆ ಏಲ್ ಎಂದು ಹೆಸರು. ಹಬ್ಬಕ್ಕೆಂದು ಮಾಡುವ ಏಲ್ ಸಾಮಾನ್ಯವಾಗಿ ಕಪ್ಪು ಛಾಯೆಯದು, ಮಂದವಾದದ್ದು, ಹೆಚ್ಚು ಮದ್ಯಸಾರವುಳ್ಳದ್ದು. ಹಲವೆಡೆ ಅದಕ್ಕೆ ಚಕ್ಕೆ, ಲವಂಗ, ಜಾಯಿಕಾಯಿ, ಕಿತ್ತಳೆಯ ಸಿಪ್ಪೆಗಳನ್ನು ಸೇರಿಸುತ್ತಾರೆ. ಮಧ್ಯಯುಗದ ನಾರ್ವೆಯ ಗುಲಾಟಿಂಗ್ ಕಟ್ಟಳೆಯಂತೆ ರೈತನು ಕ್ರಿಸ್ಮಸ್ ಹಬ್ಬಕ್ಕೆ ಏಲ್ ತಯಾರಿಸಲೇಬೇಕಾಗಿತ್ತು, ತಪ್ಪಿದರೆ ದಂಡ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದ ಆಂಕರ್ ಬಿಯರು ತಯಾರಿಕಾಲಯವು ೧೯೭೫ರಿಂದ, ೨೦೨೩ರಲ್ಲಿ ಬಾಗಿಲು ಮುಚ್ಚುವವರೆಗೆ, ಪ್ರತಿವರ್ಷವೂ ಪಾಕವನ್ನು ಬದಲಿಸಿ ಒಂದು ಕ್ರಿಸ್ಮಸ್ ಏಲ್ ಹೊರತರುತ್ತಿತ್ತು. ಈ ವರ್ಷದ ರುಚಿ ಕಳೆದ ವರ್ಷದ್ದಕ್ಕಿಂತ ಹೇಗೆ ಭಿನ್ನವೆಂದು ಪರೀಕ್ಷಿಸಿ ನೋಡುವುದು ಅಲ್ಲಿ ಅನೇಕರಿಗೆ ಹಬ್ಬದ ಒಂದು ಅಂಗವೇ ಆಗಿತ್ತು.

ಅಂಬಲಿಯನ್ನೂ ಏಲನ್ನೂ ಒಂದೇ ಲೇಖನದಲ್ಲಿ ತರುವುದು ವಿಚಿತ್ರವಾಗಿ ತೋರಬಹುದು. ಆದರೆ ಎರಡೂ ಧಾನ್ಯದಿಂದ ಹುಟ್ಟಿದವು. ಎರಡನ್ನೂ ಕಣ್ಣಿಗೆ ಕಾಣದ ಜೀವಿಗಳು ಹುದುಗಿಸುತ್ತವೆ. ಎರಡನ್ನೂ ಮನುಷ್ಯನು ತನ್ನ ನಾಲಗೆಯಿಂದಲೇ ಪರೀಕ್ಷಿಸಿ 'ಹದವಾಗಿದೆ' ಎಂದೋ 'ಕೆಟ್ಟಿದೆ' ಎಂದೋ ತೀರ್ಮಾನಿಸುತ್ತಾನೆ. ಈ ನಾಲಗೆಯನ್ನು ಒಂದು ಅಳತೆಯ ಉಪಕರಣವೆಂದು ಭಾವಿಸಿ, ಅದು ಏನನ್ನು ಅಳೆಯಬಲ್ಲುದು, ಎಲ್ಲಿ ಮೋಸಹೋಗುತ್ತದೆ ಎಂಬುದನ್ನು ವಿಚಾರಮಾಡುವುದೇ ಇಲ್ಲಿಯ ಉದ್ದೇಶ. ಪ್ರಶ್ನೆಯು ಕೇವಲ ವಿನೋದದ್ದಲ್ಲ. ನಾಲಗೆಯನ್ನು ಅತಿಯಾಗಿ ನಂಬಿದ್ದರಿಂದ ನಮ್ಮ ನಾಡಿನಲ್ಲಿ ನೂರಾರು ಜನ ಪ್ರಾಣ ಕಳೆದುಕೊಂಡಿದ್ದಾರೆಂಬುದು ಮುಂದೆ ತಿಳಿದುಬರುವುದು.

ಒಂದು ಕಾಳು, ಎರಡು ದಾರಿ

ಜೋಳವಾಗಲಿ ಬಾರ್ಲಿಯಾಗಲಿ, ಕಾಳಿನ ಬಹುಭಾಗ ಪಿಷ್ಟ. ಪಿಷ್ಟದ ಅಣುವು ಸಾವಿರಾರು ಗ್ಲೂಕೋಸ್ ಅಣುಗಳು ಸರಪಣಿಯಂತೆ ಕೂಡಿಕೊಂಡು ಆದದ್ದು. ಮದ್ಯಸಾರವನ್ನು ತಯಾರಿಸುವ ಯೀಸ್ಟ್ ಎಂಬ ಏಕಕೋಶ ಜೀವಿಗೆ ಈ ಉದ್ದನೆಯ ಸರಪಣಿಯನ್ನು ತಿನ್ನುವ ಸಾಮರ್ಥ್ಯವಿಲ್ಲ. ಅದಕ್ಕೆ ಬಿಡಿಬಿಡಿಯಾದ ಸಕ್ಕರೆ ಬೇಕು. ಸರಪಣಿಯನ್ನು ಕಡಿಯುವ ಕತ್ತರಿ ಕಾಳಿನಲ್ಲೇ ಹುಟ್ಟುತ್ತದೆ. ಕಾಳು ಮೊಳೆಯುವಾಗ ಎಳೆಯ ಸಸಿಗೆ ಆಹಾರ ಒದಗಿಸಲು ಅಮೈಲೇಸ್ ಮೊದಲಾದ ಕಿಣ್ವಗಳು ಅದರಲ್ಲಿ ಉತ್ಪತ್ತಿಯಾಗುತ್ತವೆ. ಬಾರ್ಲಿಯನ್ನು ನೆನೆಸಿ, ಮೊಳೆಯಿಸಿ, ತಕ್ಕ ಹೊತ್ತಿಗೆ ಒಣಗಿಸಿದರೆ ದೊರೆಯುವುದೇ ಮಾಲ್ಟ್. ಇದನ್ನು ನುಚ್ಚು ಮಾಡಿ ಸುಮಾರು ೬೫ ಡಿಗ್ರಿ ಉಷ್ಣತೆಯ ನೀರಿನಲ್ಲಿ ಒಂದು ಗಂಟೆಯಷ್ಟು ಕಾಲ ಇಟ್ಟರೆ ಪಿಷ್ಟವು ಸಕ್ಕರೆಯಾಗಿ ಮಾರ್ಪಡುತ್ತದೆ. ಆ ಸಿಹಿನೀರನ್ನು ಸೋಸಿ, ಹಾಪ್ಸ್ ಎಂಬ ಬಳ್ಳಿಯ ಕಹಿಯಾದ ಹೂಗಳೊಡನೆ ಕುದಿಸಿ, ಆರಿಸಿ, ಯೀಸ್ಟ್ ಬೆರೆಸುತ್ತಾರೆ.

ಯೀಸ್ಟ್ ಮಾಡುವ ಕೆಲಸದ ಲೆಕ್ಕ ಬಲು ನಿಖರವಾದದ್ದು. ೧೮೦ ಗ್ರಾಂ ಗ್ಲೂಕೋಸಿನಿಂದ ೯೨ ಗ್ರಾಂ ಮದ್ಯಸಾರವೂ ೮೮ ಗ್ರಾಂ ಇಂಗಾಲದ ಡೈಆಕ್ಸೈಡೂ ಹುಟ್ಟುತ್ತವೆ. ಅಂದರೆ ಸಕ್ಕರೆಯ ತೂಕದಲ್ಲಿ ಹೆಚ್ಚುಕಡಮೆ ಅರ್ಧವು ಅನಿಲವಾಗಿ ಹೊರಟುಹೋಗುತ್ತದೆ. ಒಂದು ಕಿಲೋಗ್ರಾಂ ಸಕ್ಕರೆ ಪೂರ್ತಿಯಾಗಿ ಹುದುಗಿದರೆ ಸಾಧಾರಣ ಉಷ್ಣತೆಯಲ್ಲಿ ಸುಮಾರು ೨೭೦ ಲೀಟರು ಅನಿಲ ಬಿಡುಗಡೆಯಾದೀತು. ಹುದುಗುವ ಪೀಪಾಯಿಯ ಬಾಯನ್ನು ಬಿಗಿದರೆ ಅದು ಸಿಡಿಯುವುದೇಕೆಂದು ಇದರಿಂದ ತಿಳಿಯುತ್ತದೆ.

ಅಂಬಲಿಯ ದಾರಿಯೇ ಬೇರೆ. ಮನೆಯಿಂದ ಮನೆಗೆ ಕ್ರಮ ಭಿನ್ನವಾದರೂ ಹುಳಿ ಅಂಬಲಿಯ ಮೂಲಸೂತ್ರ ಒಂದೇ: ಮೊಳೆಯದ ಕಾಳಿನ ಹಿಟ್ಟನ್ನು ನೀರಿನಲ್ಲೋ ಮಜ್ಜಿಗೆಯಲ್ಲೋ ಕಲಸಿ ರಾತ್ರಿಯೆಲ್ಲಾ ಗಡಿಗೆಯಲ್ಲಿಡುವುದು, ಮುಂಜಾನೆ ಅದನ್ನು ಕಾಯಿಸಿ, ಆರಿಸಿ, ಮಜ್ಜಿಗೆ ಉಪ್ಪುಗಳನ್ನು ಬೆರೆಸುವುದು. ಕಾಳು ಮೊಳೆತಿಲ್ಲವಾದ್ದರಿಂದ ಕತ್ತರಿಯಂತಹ ಕಿಣ್ವಗಳು ಸ್ವಲ್ಪವೇ. ಆದಕಾರಣ ಸಕ್ಕರೆಯೂ ಸ್ವಲ್ಪವೇ. ಇದ್ದಷ್ಟು ಸಕ್ಕರೆಯನ್ನು ಮೊಸರನ್ನು ಹೆಪ್ಪುಗಟ್ಟಿಸುವ ಜಾತಿಯ ಲ್ಯಾಕ್ಟಿಕ್ ಬ್ಯಾಕ್ಟೀರಿಯಗಳು ತಿಂದು ಲ್ಯಾಕ್ಟಿಕ್ ಆಮ್ಲವನ್ನು ಉಂಟುಮಾಡುತ್ತವೆ. ಅಷ್ಟಿಷ್ಟು ಮದ್ಯಸಾರ ಹುಟ್ಟಿದ್ದರೂ ಕಾಯಿಸುವಾಗ ಬಹುಮಟ್ಟಿಗೆ ಆವಿಯಾಗಿ ಹೋಗುತ್ತದೆ. ಹೀಗೆ ಒಂದೇ ಬಗೆಯ ಕಾಳು ಮೊಳೆತರೆ ಅಮಲಿನ ದಾರಿ ಹಿಡಿಯಬಲ್ಲುದು. ಮೊಳೆಯದಿದ್ದರೆ ಹುಳಿಯ ದಾರಿ ಹಿಡಿಯುತ್ತದೆ.

ಮೂರನೆಯ ದಾರಿಯೊಂದನ್ನೂ ಹೇಳಬೇಕು. ಈಚಲು ಮರದ ರಸದಲ್ಲಿ ಪಿಷ್ಟವಿಲ್ಲ; ಇರುವುದೆಲ್ಲ ಸಿದ್ಧವಾದ ಸಕ್ಕರೆಯೇ. ಮೊಳೆಯಿಸುವ ಶ್ರಮವಿಲ್ಲದೆ ಗಾಳಿಯಲ್ಲಿನ ಹಾಗೂ ಮಡಕೆಯಲ್ಲಿನ ಯೀಸ್ಟು ಕೆಲವೇ ಗಂಟೆಗಳಲ್ಲಿ ಅದನ್ನು ಹೆಂಡವನ್ನಾಗಿ ಮಾಡುತ್ತದೆ. ಮಡಕೆಯ ಒಳಗೆ ಸುಣ್ಣ ಬಳಿದರೆ ಯೀಸ್ಟಿನ ಕೆಲಸ ತಡೆದು ರಸವು ಸಿಹಿಯಾದ ನೀರಾ ಆಗಿಯೇ ಉಳಿಯುತ್ತದೆ.

ಒಂದಕ್ಕೆ ಚಳಿ, ಇನ್ನೊಂದಕ್ಕೆ ಬೇಸಗೆ

ಏಲ್ ಚಳಿಗಾಲದ ಪಾನವೂ ಅಂಬಲಿ ಬೇಸಗೆಯ ಪಾನವೂ ಆದದ್ದು ಬರಿಯ ಸಂಪ್ರದಾಯದಿಂದಲ್ಲ. ಯೂರೋಪಿನಲ್ಲಿ ಬಾರ್ಲಿಯ ಕೊಯ್ಲು ಬೇಸಗೆಯ ಕೊನೆಗೆ. ಅನಂತರ ಬರುವ ತಂಪಿನಲ್ಲಿ ಯೀಸ್ಟು ನಿಧಾನವಾಗಿ ದುಡಿಯುತ್ತದೆ. ಏಲ್ ಯೀಸ್ಟಿಗೆ ೧೫ರಿಂದ ೨೨ ಡಿಗ್ರಿ ಹಿತವಾದದ್ದು. ಬೇಸಗೆ ಬಂದರೆ ಹುಳಿಮಾಡುವ ಬ್ಯಾಕ್ಟೀರಿಯಗಳು ಮೇಲುಗೈ ಪಡೆದು ಬಿಯರನ್ನು ಕೆಡಿಸುತ್ತವೆ. ಆದುದರಿಂದಲೇ ೧೫೫೩ರಲ್ಲಿ ಬವೇರಿಯದ ಅರಸನು ಏಪ್ರಿಲ್ ೨೩ರಿಂದ ಸೆಪ್ಟೆಂಬರ್ ೨೯ರವರೆಗೆ ಬಿಯರು ತಯಾರಿಸಕೂಡದೆಂದು ಆಜ್ಞೆ ಹೊರಡಿಸಿದನು. ಸೂಕ್ಷ್ಮಜೀವಿಗಳ ವಿಷಯ ಯಾರಿಗೂ ತಿಳಿಯದಿದ್ದ ಕಾಲದಲ್ಲಿ ಅನುಭವವೇ ಆ ಶಾಸನವನ್ನು ಬರೆಯಿಸಿತು. ಕಾರಣವನ್ನು ಲೂಯಿ ಪಾಸ್ಟರನು ೧೮೭೬ರಲ್ಲಿ ಪ್ರಕಟಿಸಿದ ಬಿಯರಿನ ಮೇಲಿನ ಗ್ರಂಥದಲ್ಲಿ ವಿಶದಪಡಿಸಿದನು.

ಬವೇರಿಯದ ಅರಸನಿಗೆ ಶತ್ರುವಾಗಿದ್ದ ಆ ಸೆಕೆಯೇ ಕೂಡ್ಲಿಗಿಯ ಗೃಹಿಣಿಗೆ ಮಿತ್ರ. ಲ್ಯಾಕ್ಟಿಕ್ ಬ್ಯಾಕ್ಟೀರಿಯಗಳು ೩೦ರಿಂದ ೪೦ ಡಿಗ್ರಿಯಲ್ಲಿ ಹುರುಪಿನಿಂದ ಬೆಳೆಯುತ್ತವೆ. ಸಾಮಾನ್ಯವಾಗಿ ಉಷ್ಣತೆ ೧೦ ಡಿಗ್ರಿಯಷ್ಟು ಏರಿದರೆ ಇಂಥ ಜೈವಿಕ ಕ್ರಿಯೆಗಳ ವೇಗ ಸುಮಾರು ಎರಡರಷ್ಟಾಗುತ್ತದೆ. ವೈಶಾಖದ ಒಂದು ರಾತ್ರಿಯಲ್ಲಿ ಹದವಾಗಿ ಹುಳಿಯುವ ಹಿಟ್ಟು ಪುಷ್ಯದ ಚಳಿಯಲ್ಲಿ ಅದೇ ಹದಕ್ಕೆ ಬರಲು ಹೆಚ್ಚು ಹೊತ್ತು ಬೇಡುವುದು ಇದರಿಂದಲೇ. ಅಲ್ಲದೆ ಹುಳಿಯು ರುಚಿಗೆ ಮಾತ್ರವಲ್ಲ; ಆಮ್ಲ ಹೆಚ್ಚಿದ ದ್ರವದಲ್ಲಿ ಆಹಾರವನ್ನು ಕೊಳೆಯಿಸುವ ಅನೇಕ ಬ್ಯಾಕ್ಟೀರಿಯಗಳು ಬೆಳೆಯಲಾರವು. ಆಹಾರ ಬೇಗ ಹಳಸುವ ಋತುವಿನಲ್ಲಿ ಹುಳಿಯೇ ಕಾವಲುಗಾರ.

ಸವಿಯುವ ಕ್ರಮ

ಏಲನ್ನು ಪರೀಕ್ಷಿಸುವವರು ಅನುಸರಿಸುವ ಕ್ರಮವೊಂದುಂಟು: ಮೊದಲು ನೋಡುವುದು, ಆಮೇಲೆ ಮೂಸುವುದು, ಆಮೇಲೆ ಗುಟುಕರಿಸುವುದು. ಒಂದೊಂದು ಹೆಜ್ಜೆಯಲ್ಲಿಯೂ ಭೌತಶಾಸ್ತ್ರದ ಒಂದೊಂದು ಪಾಠ ಅಡಗಿದೆ.

ನೋಡಿದಾಗ ಮೊದಲು ಕಾಣುವುದು ನೊರೆ. ಅನಿಲವು ದ್ರವದಲ್ಲಿ ಕರಗುವ ಪ್ರಮಾಣವು ಅದರ ಒತ್ತಡಕ್ಕೆ ಅನುಪಾತವಾಗಿರುತ್ತದೆಂಬ ನಿಯಮವನ್ನು ವಿಲಿಯಂ ಹೆನ್ರಿ ೧೮೦೩ರಲ್ಲಿ ತಿಳಿಸಿದನು. ಮುಚ್ಚಳ ತೆಗೆದೊಡನೆ ಒತ್ತಡ ಇಳಿಯುತ್ತದೆ. ಹೆಚ್ಚಾಗಿ ಕರಗಿದ್ದ ಅನಿಲ ಗುಳ್ಳೆಗಳಾಗಿ ಹೊರಬರುತ್ತದೆ. ಉಷ್ಣತೆಯ ಪ್ರಭಾವವೂ ದೊಡ್ಡದು. ಒಂದು ವಾಯುಮಂಡಲದ ಒತ್ತಡದಲ್ಲಿ ೧ ಲೀಟರು ನೀರು ೦ ಡಿಗ್ರಿಯಲ್ಲಿ ಸುಮಾರು ೧.೭ ಲೀಟರು ಇಂಗಾಲದ ಡೈಆಕ್ಸೈಡನ್ನೂ, ೨೦ ಡಿಗ್ರಿಯಲ್ಲಿ ಸುಮಾರು ೦.೯ ಲೀಟರನ್ನೂ, ೪೦ ಡಿಗ್ರಿಯಲ್ಲಿ ಸುಮಾರು ೦.೫ ಲೀಟರನ್ನೂ ಕರಗಿಸಿಕೊಳ್ಳಬಲ್ಲುದು. ಬೆಚ್ಚಗಾದ ಸೋಡಾ ಬುಗ್ಗೆಯಂತೆ ಉಕ್ಕುವುದೂ ಬೇಗ ಸಪ್ಪೆಯಾಗುವುದೂ ಇದೇ ಕಾರಣದಿಂದ. ಬರಿಯ ಸೋಡಾದ ನೊರೆ ಕ್ಷಣಮಾತ್ರದಲ್ಲಿ ಒಡೆದರೆ ಏಲಿನ ನೊರೆ ಕೆಲವು ನಿಮಿಷ ನಿಲ್ಲುತ್ತದೆ. ಬಾರ್ಲಿಯ ಪ್ರೋಟೀನುಗಳೂ ಹಾಪ್ಸಿನ ಕಹಿದ್ರವ್ಯಗಳೂ ಗುಳ್ಳೆಯ ತೆಳ್ಳನೆಯ ಪೊರೆಗೆ ಬಲಕೊಡುವುದೇ ಅದಕ್ಕೆ ಕಾರಣ.

ಎರಡನೆಯದು ವಾಸನೆ. ವಾಸನೆ ಬರಬೇಕಾದರೆ ವಸ್ತುವಿನ ಅಣುಗಳು ಹಾರಿ ಮೂಗನ್ನು ಸೇರಬೇಕು. ಹಾರುವಿಕೆಯು ಉಷ್ಣತೆಯೊಡನೆ ಹೆಚ್ಚುತ್ತದೆ. ಅದಕ್ಕಾಗಿಯೇ ಪರಿಮಳವೇ ಪ್ರಧಾನವಾದ ಕ್ರಿಸ್ಮಸ್ ಏಲನ್ನು ಮಂಜಿನಂತೆ ತಣ್ಣಗೆ ಕುಡಿಯದೆ ೧೦ರಿಂದ ೧೩ ಡಿಗ್ರಿಯಲ್ಲಿ ಸವಿಯುತ್ತಾರೆ. ಈ ಪರಿಮಳದಲ್ಲಿ ಒಂದು ಸ್ವಾರಸ್ಯವಿದೆ. ಲವಂಗವನ್ನು ಹಾಕದೆಯೇ ಕೆಲವು ಏಲುಗಳಲ್ಲಿ ಲವಂಗದ ವಾಸನೆ ಬರುತ್ತದೆ. ಬಾಳೆಹಣ್ಣು ಇಲ್ಲದೆಯೇ ಬಾಳೆಹಣ್ಣಿನ ವಾಸನೆ ಬರುತ್ತದೆ. ಇವೆರಡೂ ಯೀಸ್ಟಿನ ಸೃಷ್ಟಿ. ಬಾಳೆಹಣ್ಣಿನ ವಾಸನೆಗೆ ಕಾರಣವಾದದ್ದು ಐಸೊಅಮೈಲ್ ಅಸಿಟೇಟ್ ಎಂಬ ಎಸ್ಟರು. ನಮ್ಮ ಹೂವಿನ ಹಡಗಲಿಯ ಮಲ್ಲಿಗೆಯ ಪರಿಮಳವನ್ನು ಬಲ್ಲವರು ಇದರ ಸಮೀಪದ ಬಂಧುವನ್ನು ಆಗಲೇ ಬಲ್ಲರು. ಮಲ್ಲಿಗೆಯ ಜಾತಿಯ ಹೂಗಳ ಸುಗಂಧದಲ್ಲಿ ಬೆಂಜೈಲ್ ಅಸಿಟೇಟ್ ಒಂದು ಮುಖ್ಯ ಘಟಕ. ಅದೂ ಅಸಿಟೇಟ್ ಎಸ್ಟರುಗಳ ಕುಟುಂಬಕ್ಕೇ ಸೇರಿದ್ದು. ಹೂವಿಗೂ ಯೀಸ್ಟಿಗೂ ಪ್ರಕೃತಿ ಒಂದೇ ಬಗೆಯ ಅಕ್ಷರಗಳಲ್ಲಿ ಬರೆಯುತ್ತದೆ.

ಮೂರನೆಯದು ಗುಟುಕು. ನಮ್ಮ ಹಿರಿಯರು ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು ಎಂದು ಷಡ್ರಸಗಳನ್ನು ಎಣಿಸಿದರು. ಇಂದಿನ ಶರೀರಶಾಸ್ತ್ರವು ನಾಲಗೆಯ ರುಚಿಮೊಗ್ಗುಗಳಿಗೆ ಸಿಹಿ, ಹುಳಿ, ಉಪ್ಪು, ಕಹಿಗಳೊಡನೆ, ಜಪಾನಿನ ಇಕೆಡಾ ೧೯೦೮ರಲ್ಲಿ ಗುರುತಿಸಿದ ಉಮಾಮಿ ಎಂಬ ಐದನೆಯ ರುಚಿಯನ್ನೂ ಕೊಡುತ್ತದೆ. ಖಾರವು ಉರಿಯನ್ನು ತಿಳಿಸುವ ನರಗಳಿಗೆ ಸೇರಿದ್ದು. ಒಗರು ಬಹುಮಟ್ಟಿಗೆ ಸ್ಪರ್ಶ. ನಾಲಗೆಯ ತುದಿಗೆ ಸಿಹಿ, ಬುಡಕ್ಕೆ ಕಹಿ ಎಂದು ಹಳೆಯ ಪಠ್ಯಪುಸ್ತಕಗಳಲ್ಲಿದ್ದ ನಕ್ಷೆ ಸರಿಯಲ್ಲವೆಂದು ಸಿದ್ಧವಾಗಿದೆ. ರುಚಿಮೊಗ್ಗುಗಳಿರುವ ಕಡೆಗಳಲ್ಲೆಲ್ಲ ಎಲ್ಲ ರುಚಿಗಳೂ ತಿಳಿಯುತ್ತವೆ. ನಾವು ರುಚಿಯೆಂದು ಕರೆಯುವುದರಲ್ಲಿ ದೊಡ್ಡ ಪಾಲು ಬಾಯಿಯ ಹಿಂಭಾಗದಿಂದ ಮೂಗಿಗೆ ಏರುವ ವಾಸನೆಯದೇ. ನೆಗಡಿಯಾದಾಗ ಊಟ ಸಪ್ಪೆಯಾಗುವುದನ್ನು ಎಲ್ಲರೂ ಬಲ್ಲರು.

ಇಲ್ಲಿ ಮಂದತೆಯ ಮಾತನ್ನೂ ಹೇಳಬೇಕು. ಗಟ್ಟಿಯಾದ ದ್ರವದಿಂದ ರುಚಿಯ ಅಣುಗಳು ನಾಲಗೆಯನ್ನು ಮುಟ್ಟುವುದು ನಿಧಾನ. ಬೆಂದ ಪಿಷ್ಟದಿಂದ ಮಂದವಾದ ಅಂಬಲಿಯ ಹುಳಿ ಅದೇ ಹುಳಿಯ ತಿಳಿಮಜ್ಜಿಗೆಗಿಂತ ಮೃದುವಾಗಿ ತೋರುವುದು ಈ ಕಾರಣದಿಂದ.

ತಂಪಿನ ನಿಜ, ಬಿಸಿಯ ಸುಳ್ಳು

ಅಂಬಲಿಯನ್ನು ಮಣ್ಣಿನ ಗಡಿಗೆಯಲ್ಲಿ ಇಡುವುದರಲ್ಲಿ ಸೊಗಸಾದ ಭೌತಶಾಸ್ತ್ರವಿದೆ. ಗಡಿಗೆಯ ಸೂಕ್ಷ್ಮರಂಧ್ರಗಳಿಂದ ನೀರು ಜಿನುಗಿ ಹೊರಮೈಯಲ್ಲಿ ಆವಿಯಾಗುತ್ತದೆ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು ೨,೪೦೦ ಜೂಲ್ ಶಾಖ ಬೇಕು. ಒಂದು ಗ್ರಾಂ ನೀರು ಒಂದು ಡಿಗ್ರಿ ತಣ್ಣಗಾಗುವಾಗ ಕೊಡುವುದು ಸುಮಾರು ೪.೨ ಜೂಲ್ ಮಾತ್ರ. ಹೊರಗಿನಿಂದ ಶಾಖ ಒಳಬರದೆ, ಗಡಿಗೆಯ ಪಾಲನ್ನೂ ಎಣಿಸದೆ ಇದ್ದರೆ, ಒಂದು ಲೀಟರಿಗೆ ೨೦ ಗ್ರಾಂ ನೀರು ಆವಿಯಾದರೂ ಉಳಿದದ್ದು ಸುಮಾರು ೧೧ ಡಿಗ್ರಿ ತಣ್ಣಗಾಗಬೇಕು. ವಾಸ್ತವದಲ್ಲಿ ಇಷ್ಟು ಆಗದಿದ್ದರೂ ಗಡಿಗೆಯು ಸುತ್ತಲಿನ ಗಾಳಿಗಿಂತ ಸ್ಪಷ್ಟವಾಗಿ ತಣ್ಣಗಿರುತ್ತದೆ. ಒಣಗಾಳಿಯಲ್ಲಿ ಆವಿಯಾಗುವಿಕೆ ತೀವ್ರ. ಆದುದರಿಂದ ಈ ಉಪಾಯ ಕರಾವಳಿಯ ತೇವದ ಸೆಕೆಗಿಂತ ಬಯಲುಸೀಮೆಯ ಒಣಬಿಸಿಲಿನಲ್ಲಿ ಹೆಚ್ಚು ಸಫಲ. ಹೀಗೆ ತಂಪಾದ ಅಂಬಲಿ ಬೆವರಿನಲ್ಲಿ ಹೋದ ನೀರನ್ನೂ ಉಪ್ಪನ್ನೂ ಮರಳಿ ಕೊಡುತ್ತದೆ. ಅದರ ತಂಪು ನಿಜವಾದ ತಂಪು.

ಕ್ರಿಸ್ಮಸ್ ಏಲಿನ ಬಿಸಿ ಹಾಗಲ್ಲ. ಚಳಿಯಲ್ಲಿ ಅದು ಮೈ ಬೆಚ್ಚಗಾಗಿಸುತ್ತದೆಂಬ ಭಾವನೆ ಬಹು ಹಳೆಯದು. ಖಾರವನ್ನೂ ಶಾಖವನ್ನೂ ತಿಳಿಸುವ ಗ್ರಾಹಕವೊಂದು ನರಗಳಲ್ಲಿದೆ. ಅದನ್ನು ಡೇವಿಡ್ ಜೂಲಿಯಸ್ ಮತ್ತು ಸಂಗಡಿಗರು ೧೯೯೭ರಲ್ಲಿ ಗುರುತಿಸಿದರು, ಆ ಬಗೆಯ ಸಂಶೋಧನೆಗೆ ೨೦೨೧ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಸಾಧಾರಣವಾಗಿ ಅದು ೪೨ ಡಿಗ್ರಿಯ ಸುಮಾರಿಗೆ ಉರಿಯೆಂದು ಸಾರುತ್ತದೆ. ಮದ್ಯಸಾರ ತಗುಲಿದಾಗ ಈ ಎಲ್ಲೆ ಸುಮಾರು ೩೪ ಡಿಗ್ರಿಗೆ ಇಳಿಯುತ್ತದೆ. ನಮ್ಮ ಶರೀರದ ಉಷ್ಣತೆಯೇ ೩೭ ಡಿಗ್ರಿ. ಆದಕಾರಣ ನಮ್ಮದೇ ಮೈಶಾಖ ಗಂಟಲಿಗೆ ಉರಿಯಾಗಿ ತೋರುತ್ತದೆ. ಜೊತೆಗೆ ಮದ್ಯಸಾರವು ಚರ್ಮದ ರಕ್ತನಾಳಗಳನ್ನು ಹಿಗ್ಗಿಸುವುದರಿಂದ ಒಳಗಿನ ಶಾಖ ಚರ್ಮಕ್ಕೆ ಬಂದು ಮೈ ಬೆಚ್ಚಗಾದಂತೆನಿಸುತ್ತದೆ. ಆದರೆ ಆ ಶಾಖ ಹೊರಗಿನ ಚಳಿಗೆ ಸೋರಿಹೋಗಿ ಶರೀರದ ಒಳಭಾಗ ಇನ್ನಷ್ಟು ತಣ್ಣಗಾಗುತ್ತದೆ. ಕೊರೆಯುವ ಚಳಿಯಲ್ಲಿ ಕುಡಿದು ಹೊರಗೆ ಮಲಗಿದವರು ಸಾಯುವುದುಂಟು. ಉಷ್ಣಮಾಪಕವಾಗಿ ನಾಲಗೆ ಇಲ್ಲಿ ಪೂರ್ತಿ ಸೋಲುತ್ತದೆ.

ನಾಲಗೆಗೆ ಬದಲಾಗಿ ಬಂದ ಮಾಪಕಗಳು

ನಾಲಗೆಯ ದೋಷಗಳನ್ನು ಮೊದಲು ತೀವ್ರವಾಗಿ ಅನುಭವಿಸಿದವರು ಬಿಯರು ತಯಾರಕರೇ. ಆದುದರಿಂದ ವಿಜ್ಞಾನದ ಕೆಲವು ಮುಖ್ಯ ಅಳತೆಗಳು ಅವರ ಪ್ರಯೋಗಶಾಲೆಗಳಲ್ಲಿ ಜನಿಸಿದವು. ಹುಳಿಯನ್ನು ಅಂಕೆಯಲ್ಲಿ ಹೇಳುವ ಪಿಎಚ್ ಮಾನವನ್ನು ೧೯೦೯ರಲ್ಲಿ ಸೋರೆನ್‌ಸೆನ್ ರೂಪಿಸಿದ್ದು ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯಲ್ಲಿ. ಕೆಲವೇ ಮಾದರಿಗಳಿಂದ ಸರಿಯಾದ ತೀರ್ಮಾನಕ್ಕೆ ಬರುವ ಗಣಿತಕ್ರಮವನ್ನು ೧೯೦೮ರಲ್ಲಿ 'ಸ್ಟೂಡೆಂಟ್' ಎಂಬ ಗುಪ್ತನಾಮದಿಂದ ಪ್ರಕಟಿಸಿದ ವಿಲಿಯಂ ಗಾಸೆಟ್ ಡಬ್ಲಿನ್ನಿನ ಗಿನ್ನೆಸ್ ಬಿಯರು ಸಂಸ್ಥೆಯ ಉದ್ಯೋಗಿ. ಶಾಖಕ್ಕೂ ಕೆಲಸಕ್ಕೂ ಇರುವ ಸಂಬಂಧವನ್ನು ಅಳೆದ ಜೂಲನ ಮನೆತನದ್ದೂ ಬಿಯರು ತಯಾರಿಕೆಯೇ.

ಮದ್ಯಸಾರವನ್ನು ಅಳೆಯಲು ಸಾಂದ್ರತಾಮಾಪಕವೊಂದು ಸಾಕು. ಹಾಲಿನ ಸಂಘಗಳಲ್ಲಿ ಹಾಲಿಗೆ ಇಳಿಬಿಡುವ ಲ್ಯಾಕ್ಟೋಮೀಟರಿನ ತತ್ತ್ವವೇ ಇದು. ಹುದುಗುವುದಕ್ಕೆ ಮುಂಚೆ ಸಿಹಿನೀರಿನ ಸಾಪೇಕ್ಷ ಸಾಂದ್ರತೆ ೧.೦೭೦ ಇದ್ದು, ಹುದುಗಿದ ಮೇಲೆ ೧.೦೧೫ಕ್ಕೆ ಇಳಿದಿದೆಯೆಂದು ಭಾವಿಸೋಣ. ವ್ಯತ್ಯಾಸ ೦.೦೫೫. ಇದನ್ನು ೧೩೧ರಿಂದ ಗುಣಿಸಿದರೆ ದೊರೆಯುವ ಸುಮಾರು ೭.೨ ಎಂಬುದೇ ಗಾತ್ರದ ಲೆಕ್ಕದಲ್ಲಿ ಮದ್ಯಸಾರದ ಶೇಕಡಾ ಪ್ರಮಾಣ. ಸಾಧಾರಣ ಬಿಯರಿನಲ್ಲಿ ಇದು ಶೇಕಡಾ ೪-೫ ಇದ್ದರೆ ಕ್ರಿಸ್ಮಸ್ ಏಲುಗಳಲ್ಲಿ ಅನೇಕವೇಳೆ ೬ರಿಂದ ೧೦. ಆದರೆ ಉಳಿದ ಸಿಹಿಯೂ ಸಂಬಾರದ ಪರಿಮಳವೂ ಮದ್ಯಸಾರವನ್ನು ಮರೆಮಾಡುವುದರಿಂದ ನಾಲಗೆ ಅದನ್ನು ಸೌಮ್ಯವೆಂದೇ ತಿಳಿಯುತ್ತದೆ.

ಪಿಎಚ್ ಒಂದೇ ಸಾಲದೆಂಬುದಕ್ಕೂ ನಮ್ಮ ಉದಾಹರಣೆ ಸಾಕ್ಷಿ. ಹದವಾದ ಹುಳಿ ಅಂಬಲಿಯ ಪಿಎಚ್ ೪ರ ಸಮೀಪ. ಏಲಿನದು ಸಾಮಾನ್ಯವಾಗಿ ೪ಕ್ಕೂ ೪.೫ಕ್ಕೂ ನಡುವೆ. ಅಂಕೆಗಳು ಹತ್ತಿರವಿದ್ದರೂ ಅಂಬಲಿ ಹುಳಿ, ಏಲ್ ಹುಳಿಯಲ್ಲ. ದ್ರವದಲ್ಲಿರುವ ಒಟ್ಟು ಆಮ್ಲವೆಷ್ಟು, ಅದನ್ನು ಮರೆಮಾಡುವ ಸಿಹಿಯೂ ಕಹಿಯೂ ಎಷ್ಟು ಎಂಬುದನ್ನೂ ನಾಲಗೆ ಕೂಡಿಸಿ ಕಳೆದು ಹೇಳುತ್ತದೆ. ಈ ವಿಷಯದಲ್ಲಿ ನಾಲಗೆ ಪಿಎಚ್ ಮಾಪಕಕ್ಕಿಂತ ಹೆಚ್ಚು ಬಲ್ಲುದು.

ಹಾಗಾದರೆ ನಾಲಗೆಯನ್ನೇ ಸರಿಯಾಗಿ ಬಳಸುವುದು ಹೇಗೆ? ೧೯೪೦ರ ದಶಕದಲ್ಲಿ ಕಾರ್ಲ್ಸ್‌ಬರ್ಗಿನಲ್ಲಿ ಬಳಕೆಗೆ ಬಂದ ತ್ರಿಕೋನ ಪರೀಕ್ಷೆ ಬಹು ಸರಳವಾದದ್ದು. ಮೂರು ಲೋಟಗಳನ್ನು ಇಡಬೇಕು; ಎರಡರಲ್ಲಿ ಒಂದೇ ಪಾನೀಯ, ಮೂರನೆಯದರಲ್ಲಿ ಬೇರೆಯದು. ಬೇರೆಯದು ಯಾವುದೆಂದು ಹೇಳಬೇಕು. ಏನೂ ತಿಳಿಯದೆ ಊಹಿಸಿದರೂ ಮೂರರಲ್ಲಿ ಒಂದು ಸಲ ಸರಿಯಾಗುತ್ತದೆ. ಹನ್ನೆರಡು ಮಂದಿಯಲ್ಲಿ ನಾಲ್ವರು ಸರಿ ಹೇಳಿದರೆ ಅದು ಬರಿಯ ಊಹೆ ಇರಬಹುದು. ಎಂಟು ಮಂದಿ ಸರಿ ಹೇಳಿದರೆ, ಊಹೆಯಿಂದ ಹಾಗಾಗುವ ಸಂಭವ ನೂರಕ್ಕೆ ಎರಡಕ್ಕಿಂತ ಕಡಮೆ. ವ್ಯತ್ಯಾಸ ನಿಜವಾಗಿಯೂ ತಿಳಿದಿದೆಯೆಂದು ಒಪ್ಪಬಹುದು.

ವಾಚಕರು ಇದನ್ನು ಮನೆಯಲ್ಲಿಯೇ ಅಂಬಲಿಯಿಂದ ಮಾಡಿನೋಡಬಹುದು. ಒಂದೇ ಪಾತ್ರೆಯ ಅಂಬಲಿಯನ್ನು ಎರಡು ಪಾಲು ಮಾಡಿ, ಒಂದಕ್ಕೆ ಮಾತ್ರ ಕೊಂಚ ಹೆಚ್ಚು ಮಜ್ಜಿಗೆ ಬೆರೆಸಿ. ಎರಡರ ಮಂದತೆಯೂ ಉಷ್ಣತೆಯೂ ಒಂದೇ ಇರುವಂತೆ ನೋಡಿಕೊಳ್ಳಿ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಗುಟುಕಿಗೊಮ್ಮೆ ನೀರಿನಿಂದ ಬಾಯಿ ಮುಕ್ಕಳಿಸಿ ಪರೀಕ್ಷಿಸಿ. ನೀರಿನಿಂದ ಮುಕ್ಕಳಿಸುವುದೆಂದರೆ ತಕ್ಕಡಿಯ ಮುಳ್ಳನ್ನು ಸೊನ್ನೆಗೆ ತಂದಂತೆ. ಬೇರೆ ಪಾಲನ್ನು ಗುರುತಿಸಲು ಮಜ್ಜಿಗೆಯನ್ನು ಎಷ್ಟು ಹೆಚ್ಚಿಸಬೇಕಾಯಿತೆಂದು ಬರೆದಿಡಿ. ರುಚಿಯಲ್ಲಿ ಸುಮಾರು ಶೇಕಡಾ ಹತ್ತರಿಂದ ಇಪ್ಪತ್ತರಷ್ಟು ವ್ಯತ್ಯಾಸವಾಗದ ಹೊರತು ನಾಲಗೆಗೆ ತಿಳಿಯುವುದಿಲ್ಲವೆಂಬುದು ನಿಮ್ಮ ಅನುಭವಕ್ಕೂ ಬಂದೀತು. ಆಮೇಲೆ ಮೂಗು ಹಿಡಿದುಕೊಂಡು ಅದೇ ಪರೀಕ್ಷೆಯನ್ನು ಮತ್ತೆ ಮಾಡಿ. ಮೂಗಿನ ಪಾಲು ಎಷ್ಟೆಂಬುದು ಗೊತ್ತಾಗುತ್ತದೆ.

ನಾಲಗೆ ತಿಳಿಯಲಾರದ ಎರಡು ವಿಷಗಳು

ಇನ್ನು ನಾಲಗೆಯ ಮಿತಿಯನ್ನು ಕುರಿತು ಗಂಭೀರವಾದ ಮಾತು. ಹುದುಗುವಿಕೆಯಿಂದ ಬರುವ ಮದ್ಯಸಾರ ಎಥನಾಲ್. ಬಣ್ಣ, ವಾರ್ನಿಷ್ ಮೊದಲಾದ ಕೈಗಾರಿಕೆಗಳಲ್ಲಿ ಬಳಸುವ ಮೆಥನಾಲ್ ಅದರ ಸೋದರ. ಎರಡೂ ಬಣ್ಣವಿಲ್ಲದವು, ವಾಸನೆಯೂ ರುಚಿಯೂ ಬಹಳ ಹತ್ತಿರ. ಆದರೆ ಮೆಥನಾಲ್ ಶರೀರದಲ್ಲಿ ಫಾರ್ಮಿಕ್ ಆಮ್ಲವಾಗಿ ಮಾರ್ಪಟ್ಟು ಮೊದಲು ಕಣ್ಣಿನ ನರವನ್ನೂ ಆಮೇಲೆ ಪ್ರಾಣವನ್ನೂ ತೆಗೆಯುತ್ತದೆ. ಧಾನ್ಯ ಹುದುಗುವಾಗ ಹುಟ್ಟುವ ಮೆಥನಾಲ್ ಅತ್ಯಲ್ಪ. ದುರಂತಗಳಿಗೆ ಕಾರಣ ಲಾಭಕ್ಕಾಗಿ ಬೆರೆಸಿದ ಮೆಥನಾಲ್. ೧೯೮೧ರಲ್ಲಿ ಬೆಂಗಳೂರಿನಲ್ಲಿ ವಿಷಮದ್ಯ ಕುಡಿದು ಸುಮಾರು ಮುನ್ನೂರು ಮಂದಿ ಸತ್ತರು. ೨೦೦೮ರ ಮೇ ತಿಂಗಳಿನಲ್ಲಿ ಬೆಂಗಳೂರು, ಕೋಲಾರಗಳಲ್ಲಿಯೂ ನೆರೆಯ ತಮಿಳುನಾಡಿನಲ್ಲಿಯೂ ಒಟ್ಟು ನೂರೈವತ್ತಕ್ಕೂ ಹೆಚ್ಚು ಮಂದಿ, ೨೦೨೪ರ ಜೂನ್ ತಿಂಗಳಿನಲ್ಲಿ ತಮಿಳುನಾಡಿನ ಕಳ್ಳಕುರಿಚಿಯಲ್ಲಿ ಅರವತ್ತಕ್ಕೂ ಹೆಚ್ಚು ಮಂದಿ ಹೀಗೆಯೇ ಮಡಿದರು. ಅವರ ನಾಲಗೆಗಳೇನೂ ಕೆಟ್ಟಿರಲಿಲ್ಲ. ಹೊತ್ತಿಸಿದಾಗ ಉರಿಯ ಬಣ್ಣ ನೋಡಿ ತಿಳಿಯಬಹುದೆಂಬ ಮಾತನ್ನೂ ನಂಬಕೂಡದು. ಕುಡಿದವರಿಗೆ ಕಣ್ಣು ಮಂಜಾದರೆ, ಹೊಟ್ಟೆನೋವು ವಾಂತಿಗಳಾದರೆ, ನಿದ್ದೆ ತಿಳಿಯಾಗಲೆಂದು ಕಾಯದೆ ತತ್‌ಕ್ಷಣ ಆಸ್ಪತ್ರೆಗೆ ಸೇರಿಸಬೇಕು. ಸಕಾಲದಲ್ಲಿ ಚಿಕಿತ್ಸೆ ದೊರೆತರೆ ಪ್ರಾಣ ಉಳಿಯುವ ಸಂಭವವಿದೆ.

ಎರಡನೆಯ ವಿಷ ಜೋಳದ ಹೊಲದಲ್ಲಿಯೇ ಇದೆ. ಜೋಳದ ಎಳೆಯ ಗಿಡದಲ್ಲಿಯೂ ಮೊಳಕೆಯಲ್ಲಿಯೂ ಧುರಿನ್ ಎಂಬ ವಸ್ತುವಿರುತ್ತದೆ. ಗಿಡ ಜಜ್ಜಿಹೋದಾಗ ಅದರಿಂದ ಹೈಡ್ರೋಜನ್ ಸೈಯನೈಡ್ ಬಿಡುಗಡೆಯಾಗುತ್ತದೆ. ಮಳೆ ತಪ್ಪಿ ಕುಂಠಿತವಾದ ಎಳೆಯ ಜೋಳವನ್ನೂ ಕೂಳೆಯ ಹೊಸ ಚಿಗುರನ್ನೂ ಮೇಯ್ದು ದನಗಳು ಸಾಯುವುದನ್ನು ನಮ್ಮ ರೈತರು ಚೆನ್ನಾಗಿ ಬಲ್ಲರು. ಬಲಿತ ಕಾಳಿನ ಹಿಟ್ಟಿನಲ್ಲಿ ಈ ಭಯವಿಲ್ಲ. ಆದುದರಿಂದ ರೂಢಿಯ ಅಂಬಲಿ ನಿರಪಾಯಕರ. ಆದರೆ ಈಚೆಗೆ ಮೊಳಕೆಕಾಳು ಆರೋಗ್ಯಕರವೆಂದು ಕೇಳಿ ಎಲ್ಲ ಧಾನ್ಯಗಳನ್ನೂ ಮೊಳೆಯಿಸುವ ಉತ್ಸಾಹ ಹೆಚ್ಚಿದೆ. ಹೆಸರುಕಾಳು, ರಾಗಿಗಳನ್ನು ಮೊಳೆಯಿಸಿದಂತೆ ಜೋಳವನ್ನು ಮೊಳೆಯಿಸಿ ಹಸಿಯಾಗಿ ತಿನ್ನಕೂಡದು. ಆಫ್ರಿಕದಲ್ಲಿ ಜೋಳದ ಮಾಲ್ಟಿನಿಂದ ಬಿಯರು ಮಾಡುವುದುಂಟು. ಅಂಥ ಮಾಲ್ಟಿನಲ್ಲಿ ಮೊಳಕೆ ಬೇರುಗಳನ್ನು ಒಣಗಿಸಿ ಉಜ್ಜಿ ತೆಗೆದುಹಾಕಿದರೆ ವಿಷದ ಬಹುಪಾಲು ಹೋಗುತ್ತದೆ. ಸೈಯನೈಡಿಗೆ ಕಹಿಬಾದಾಮಿಯ ವಾಸನೆಯಿದೆಯೆಂದು ಹೇಳುವರಾದರೂ ಆ ವಾಸನೆಯನ್ನು ಗ್ರಹಿಸುವ ಶಕ್ತಿ ಎಷ್ಟೋ ಜನರಿಗೆ ಹುಟ್ಟಿನಿಂದಲೇ ಇರುವುದಿಲ್ಲ.

ಇವೆರಡನ್ನೂ ಬಿಟ್ಟು ಶುದ್ಧವಾದ ಎಥನಾಲನ್ನೇ ತೆಗೆದುಕೊಂಡರೂ ಅದು ನಿರ್ದೋಷಿಯಲ್ಲ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆಯು ೧೯೮೮ರಲ್ಲಿಯೇ ಮದ್ಯಪಾನೀಯಗಳನ್ನು ಕ್ಯಾನ್ಸರಿಗೆ ಕಾರಣವಾಗುವ ವಸ್ತುಗಳ ಮೊದಲ ವರ್ಗದಲ್ಲಿ ಸೇರಿಸಿತು. ಆರೋಗ್ಯಕ್ಕೆ ಕೇಡಿಲ್ಲದ ಪ್ರಮಾಣವೆಂಬುದು ಮದ್ಯಕ್ಕೆ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ೨೦೨೩ರಲ್ಲಿ ಸಾರಿತು. ೨೦೦೭ರ ಜುಲೈ ೧ರಿಂದ ಕರ್ನಾಟಕದಲ್ಲಿ ಸಾರಾಯಿ ಮಾರಾಟ ನಿಷೇಧವಾದದ್ದರ ಹಿಂದೆ ಕುಡಿತದಿಂದ ನೊಂದ ಹಳ್ಳಿಯ ಸಂಸಾರಗಳ ದುಃಖವಿತ್ತು. ಆ ದುಃಖವನ್ನು ಯಾವ ಮಾಪಕವೂ ಅಳೆಯಲಾರದು.

ನಾಲಗೆ ಒಳ್ಳೆಯ ಉಪಕರಣವೇ ಸರಿ. ಅಂಬಲಿ ಹದಕ್ಕೆ ಬಂದಿದೆಯೇ, ಉಪ್ಪು ಸಾಕೇ, ಏಲಿನಲ್ಲಿರುವುದು ಚಕ್ಕೆಯೋ ಲವಂಗವೋ ಎಂಬಂಥ ಪ್ರಶ್ನೆಗಳನ್ನು ಅದಕ್ಕೆ ಧಾರಾಳವಾಗಿ ಕೇಳಬಹುದು. ಇದು ಎಷ್ಟು ಪ್ರಬಲ, ಇದು ನಿಜ


ವಾಗಿಯೂ ಬೆಚ್ಚಗಿಡುವುದೇ, ಇದರಲ್ಲಿ ವಿಷವಿದೆಯೇ ಎಂಬ ಪ್ರಶ್ನೆಗಳನ್ನು ಕೇಳಬಾರದು. ಅವಕ್ಕೆ ಬೇರೆ ಮಾಪಕಗಳಿವೆ. ಯಾವ ಉಪಕರಣವನ್ನು ಎಲ್ಲಿಯವರೆಗೆ ನಂಬಬೇಕೆಂದು ತಿಳಿಯುವುದೇ ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿ ಕಲಿಯಬೇಕಾದ ಮೊದಲ ಪಾಠ. ಅಡಿಗೆಮನೆಯ ಗಡಿಗೆಯ ಬಳಿಯಲ್ಲಿಯೂ ಅದನ್ನು ಕಲಿಯಬಹುದು.